ಎಂಆರ್‌ಐ ರಿಪೋರ್ಟಿನಲ್ಲಿ ‘ಹೊಸ ರಕ್ತನಾಳ’ ಅಂತಿದ್ದರೆ ಅದು ಕ್ಯಾನ್ಸರೇನಾ?

ಪ್ರಶ್ನೆ: ನಮ್ಮ ಬಾಕ್ಸರ್ ನಾಯಿಗೆ ಒಂಬತ್ತು ವರ್ಷ. ಎರಡು ತಿಂಗಳಿಂದ ಫಿಟ್ಸ್ ಬರುತ್ತಿದೆ, ಈಚೆಗೆ ಸುಮ್ಮನೆ ಎಡಕ್ಕೇ ಸುತ್ತು ಹಾಕುತ್ತಾನೆ. ಎಂಆರ್‌ಐ ಮಾಡಿಸಿದೆವು. ಮಿದುಳಿನ ಎಡಭಾಗದಲ್ಲಿ ಕಾಂಟ್ರಾಸ್ಟ್ ಹಿಡಿದ ಉಂಗುರದಂಥ ಜಾಗ ಇದೆ, ಸುತ್ತ ಊತ ಇದೆ, ಹೊಸ ರಕ್ತನಾಳ ಬೆಳೆದಿರಬಹುದು, ಗ್ಲಿಯೋಮಾ ಅನ್ನುವ ಮಿದುಳಿನ ಗಡ್ಡೆ ಅಥವಾ ಉರಿಯೂತ ಇರಬಹುದು ಅಂತ ರಿಪೋರ್ಟಿನಲ್ಲಿದೆ. ರಕ್ತನಾಳ ಜಾಸ್ತಿಯಾದರೆ ಮಿದುಳಿಗೆ ಒಳ್ಳೆಯದೇ ಅಲ್ವಾ? ಕೆಟ್ಟದ್ದು ಅನ್ನುವುದಾದರೆ ಅದನ್ನು ತಡೆಯುವ ಔಷಧಿ ಇದೆಯಾ? ಸ್ಟೀರಾಯ್ಡ್ ಶುರು ಮಾಡಿದ ಎರಡೇ ದಿನಕ್ಕೆ ಗೆಲುವಾದ. ಹಾಗಾದರೆ ಕ್ಯಾನ್ಸರ್ ಅಲ್ಲ ಅಂತ ತಿಳಿಯಬಹುದಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದನ್ನು ನಂಬಿಕೊಂಡು ನೀವು ಮುಂದಿನ ತಪಾಸಣೆ ಬಿಟ್ಟುಬಿಡುತ್ತೀರೇನೋ ಅನ್ನುವ ಆತಂಕ ನನಗೆ. ಸ್ಟೀರಾಯ್ಡ್‌ಗೆ ಗೆಲುವಾದ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ ಅನ್ನಲು ಬರುವುದಿಲ್ಲ. ಉರಿಯೂತವಿದ್ದರೂ ಗೆಲುವಾಗುತ್ತಿದ್ದ, ಗಡ್ಡೆಯಿದ್ದರೂ ಗೆಲುವಾಗುತ್ತಿದ್ದ. ಎರಡರಲ್ಲೂ ಮಿದುಳಿನ ರಕ್ತನಾಳ ಸೋರುತ್ತಿರುತ್ತದೆ, ಸ್ಟೀರಾಯ್ಡ್ ಆ ಸೋರಿಕೆಯನ್ನು ತಗ್ಗಿಸುತ್ತದೆ. ಎರಡು ದಿನದಲ್ಲಿ ನೀವು ಕಂಡದ್ದು ಬಹುಮಟ್ಟಿಗೆ ಊತ ಇಳಿದದ್ದು. ಒಳಗೆ ಕೂತಿರುವುದು ಏನು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಇನ್ನು ರಕ್ತನಾಳದ ವಿಚಾರ. ಬೆಳೆದ ನಾಯಿಯ ಮಿದುಳಲ್ಲಿ ರಕ್ತನಾಳಗಳು ತಮ್ಮಷ್ಟಕ್ಕೆ ತಾವು ಚಿಗುರುವುದು ತೀರಾ ಕಡಿಮೆ. ಮರಿಯಾಗಿದ್ದಾಗಲೇ ಜಾಲ ಹೆಣೆದು ಮುಗಿದಿರುತ್ತದೆ. ಆಮೇಲೆ ಒಂದು ಜಾಗದಲ್ಲಿ ಮತ್ತೆ ಬೆಳೆಯಲು ಶುರುವಾಯಿತು ಅಂದರೆ ಅಲ್ಲಿಂದ ಯಾರೋ ಕೂಗಿ ಕರೆದಿದ್ದಾರೆ ಅಂತಲೇ ಲೆಕ್ಕ. ಹಾಗೆ ಕೂಗುವುದು ಹೆಚ್ಚಾಗಿ ಆಕ್ಸಿಜನ್ ಸಾಲದೆ ಒದ್ದಾಡುವ ಜೀವಕೋಶ. ನಮ್ಮ, ನಾಯಿಯ, ಹೆಚ್ಚುಕಡಿಮೆ ಎಲ್ಲ ಪ್ರಾಣಿಗಳ ಜೀವಕೋಶದಲ್ಲೂ ಎಚ್‌ಐಎಫ್ ಅನ್ನುವ ಪ್ರೋಟೀನ್ ತಯಾರಾಗುತ್ತಲೇ ಇರುತ್ತದೆ. ಆಕ್ಸಿಜನ್ ಸಾಕಷ್ಟಿದ್ದರೆ ಅದು ಕೆಲವೇ ನಿಮಿಷದಲ್ಲಿ ಒಡೆದುಹೋಗುತ್ತದೆ. ಆಕ್ಸಿಜನ್ ಕಡಿಮೆಯಾದರೆ ಒಡೆಯುವ ಕೆಲಸ ನಿಲ್ಲುತ್ತದೆ. ಉಳಿದುಕೊಂಡ ಎಚ್‌ಐಎಫ್ ನೇರ ಜೀನುಗಳ ಹತ್ತಿರ ಹೋಗಿ ಒಂದಷ್ಟನ್ನು ಎಬ್ಬಿಸುತ್ತದೆ. ಈ ಏರ್ಪಾಟನ್ನು ಬಿಡಿಸಿ ತೋರಿಸಿದ್ದಕ್ಕೇ 2019ರಲ್ಲಿ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಮೂವರಿಗೆ ವೈದ್ಯಕೀಯದ ನೊಬೆಲ್ ಬಂತು.

ಹಾಗೆ ಏಳುವ ಜೀನುಗಳಲ್ಲಿ ಒಂದು ವಿಇಜಿಎಫ್ ಅನ್ನುವ ಪ್ರೋಟೀನನ್ನು ಮಾಡಿಸುತ್ತದೆ. ಅದು ಹತ್ತಿರದ ರಕ್ತನಾಳದ ಒಳಪದರಕ್ಕೆ ತಾಗಿದರೆ, ಅಲ್ಲಿಯ ಒಂದು ಜೀವಕೋಶ ಮುಂದೆ ಬಂದು ಕೂಗು ಬಂದ ಕಡೆಗೆ ಮೂತಿ ಚಾಚುತ್ತದೆ. ಹಿಂದಿನವು ಒಡೆದು ಎರಡೆರಡಾಗಿ ಅದನ್ನು ಹಿಂಬಾಲಿಸುತ್ತವೆ. ಹೊಸ ನಾಳ ತಯಾರು. ಆದರೆ ವಿಇಜಿಎಫ್‌ಗೆ ಇನ್ನೊಂದು ಗುಣ ಇದೆ, ನಿಮ್ಮ ನಾಯಿಯ ವಿಷಯದಲ್ಲಿ ಮುಖ್ಯವಾದದ್ದು ಅದೇ. 1983ರಲ್ಲಿ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ತಂಡ ಈ ಪ್ರೋಟೀನನ್ನು ಗಿನಿಪಿಗ್‌ಗಳ ಗಡ್ಡೆಯಲ್ಲಿ ಮೊದಲು ಗುರುತಿಸಿದ್ದು ನಾಳ ಬೆಳೆಸುವ ವಸ್ತು ಅಂತ ಅಲ್ಲ, ನಾಳ ಸೋರುವ ಹಾಗೆ ಮಾಡುವ ವಸ್ತು ಅಂತ. ಬೆಳೆಸುವುದೂ ಅದೇ ಅಂತ ತಿಳಿದದ್ದು 1989ರಲ್ಲಿ. ಬೆಳೆಸುವುದು, ಸೋರಿಸುವುದು ಎರಡನ್ನೂ ಒಂದೇ ವಸ್ತು ಮಾಡುತ್ತದೆ.

ಮೈಯ ಬೇರೆ ಕಡೆ ಸ್ವಲ್ಪ ಸೋರಿದರೆ ದೊಡ್ಡ ನಷ್ಟವಿಲ್ಲ. ಮಿದುಳಲ್ಲಿ ಹಾಗಲ್ಲ. ಅಲ್ಲಿಯ ರಕ್ತನಾಳಕ್ಕೆ ವಿಶೇಷ ಕಾವಲಿದೆ. ಒಳಪದರದ ಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಹೊಲಿದುಕೊಂಡಿರುತ್ತವೆ, ಹೊರಗಿಂದ ಪೆರಿಸೈಟ್ ಅನ್ನುವ ಕೋಶಗಳು ತಬ್ಬಿಕೊಂಡಿರುತ್ತವೆ, ಅದರ ಮೇಲೆ ಆಸ್ಟ್ರೋಸೈಟ್ ಅನ್ನುವ ಮಿದುಳಿನ ಆಸರೆ ಕೋಶಗಳು ಪಾದ ಊರಿರುತ್ತವೆ. 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದ್ದ. ಒಳಗಿನ ಅಂಗಗಳಿಗೆಲ್ಲ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಅವಸರದಲ್ಲಿ ಬೆಳೆದ ಹೊಸ ನಾಳಕ್ಕೆ ಈ ಕಾವಲು ಪೂರ್ತಿ ಬಂದಿರುವುದಿಲ್ಲ. ಸಿಮೆಂಟ್ ಒಣಗುವ ಮೊದಲೇ ತೊಟ್ಟಿಗೆ ನೀರು ಬಿಟ್ಟ ಹಾಗೆ, ರಕ್ತದ ನೀರಿನಂಶವೂ ಪ್ರೋಟೀನೂ ಹೊರಗೆ ಜಿನುಗುತ್ತವೆ. ತಲೆಬುರುಡೆ ಹಿಗ್ಗುವುದಿಲ್ಲ. ಜಿನುಗಿದ್ದು ಪಕ್ಕದ ಮಿದುಳನ್ನೇ ಒತ್ತುತ್ತದೆ.

ನಿಮ್ಮ ನಾಯಿ ಎಡಕ್ಕೆ ಸುತ್ತುವುದು ಇದಕ್ಕೆ ಹೊಂದುತ್ತದೆ. ಮುಂಮಿದುಳಿನ ಯಾವ ಪಕ್ಕಕ್ಕೆ ತೊಂದರೆಯೋ ನಾಯಿ ಸಾಮಾನ್ಯವಾಗಿ ಆ ಪಕ್ಕಕ್ಕೇ ತಿರುಗುತ್ತದೆ. ಇನ್ನೊಂದನ್ನು ನೀವೇ ಮನೆಯಲ್ಲಿ ನೋಡಬಹುದು. ಊಟದ ತಟ್ಟೆಯಲ್ಲಿ ಎಡಗಡೆಯದನ್ನೆಲ್ಲ ನೆಕ್ಕಿ ಬಲಗಡೆಯದನ್ನು ಹಾಗೇ ಬಿಟ್ಟು ಏಳುತ್ತಾನಾ? ತಟ್ಟೆ ತಿರುಗಿಸಿ ಇಟ್ಟರೆ ಮತ್ತೆ ತಿನ್ನುತ್ತಾನಾ? ಹಾಗಿದ್ದರೆ ಹಸಿವಿಲ್ಲ ಅಂತಲ್ಲ, ಮಿದುಳಿನ ಎಡಭಾಗಕ್ಕೆ ಬಲಗಡೆಯ ಲೋಕ ಲೆಕ್ಕಕ್ಕೇ ಬರುತ್ತಿಲ್ಲ ಅಂತ. ಸ್ಟೀರಾಯ್ಡ್ ಆದ ಮೇಲೆ ಇದು ಸರಿಹೋಗಿದೆಯಾ ಅನ್ನುವುದನ್ನೂ ಬರೆದಿಡಿ, ಡಾಕ್ಟರಿಗೆ ಉಪಯೋಗ.

ಈಗ ರಿಪೋರ್ಟಿಗೆ ಬರೋಣ. ‘ಕಾಂಟ್ರಾಸ್ಟ್ ಹಿಡಿದಿದೆ’ ಅಂದರೆ ಹೊಸ ರಕ್ತನಾಳ ಬೆಳೆದಿದೆ ಅಂತ ಬಹಳ ಜನ ಓದಿಕೊಳ್ಳುತ್ತಾರೆ, ಕೆಲವು ಸಲ ರಿಪೋರ್ಟ್ ಬರೆಯುವವರೂ ಹಾಗೇ ಬರೆಯುತ್ತಾರೆ. ಅದು ಅಷ್ಟು ಸರಿಯಲ್ಲ. ಎಂಆರ್‌ಐ ಕೋಣೆಯಲ್ಲಿ ರಕ್ತಕ್ಕೆ ಚುಚ್ಚುವುದು ಗ್ಯಾಡೋಲಿನಿಯಂ ಇರುವ ದ್ರವ. ಎರ್ಲಿಕ್ ಚುಚ್ಚಿದ ಬಣ್ಣದ ಹಾಗೆಯೇ ಅದಕ್ಕೂ ಆರೋಗ್ಯವಾದ ಮಿದುಳಿನೊಳಗೆ ಪ್ರವೇಶವಿಲ್ಲ. ಎಲ್ಲಿ ಕಾವಲು ಮುರಿದಿದೆಯೋ ಅಲ್ಲಿ ಹೊರಗೆ ಸೋರಿ ಬೆಳ್ಳಗೆ ಕಾಣುತ್ತದೆ. ಅಂದರೆ ಆ ಚಿತ್ರ ತೋರಿಸುವುದು ಸೋರಿಕೆಯನ್ನು, ನಾಳಗಳ ಎಣಿಕೆಯನ್ನಲ್ಲ. ಹಳೆಯ ನಾಳವೇ ಉರಿಯೂತದಿಂದ ಸಡಿಲಾಗಿ ಸೋರಿದರೂ ಬೆಳ್ಳಗಾಗುತ್ತದೆ. ಪಿಟ್ಯುಟರಿ ಗ್ರಂಥಿ, ಮಿದುಳಿನ ನೀರು ತಯಾರಿಸುವ ಕೋರಾಯ್ಡ್ ಜಾಲ ಇವು ಯಾವ ಕಾಯಿಲೆಯೂ ಇಲ್ಲದ ನಾಯಿಯಲ್ಲೂ ಬೆಳ್ಳಗೇ ಕಾಣುತ್ತವೆ, ಯಾಕೆಂದರೆ ಅಲ್ಲಿ ಹುಟ್ಟಿನಿಂದಲೇ ಆ ಕಾವಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ನಿಧಾನಕ್ಕೆ ಬೆಳೆಯುವ ಗ್ಲಿಯೋಮಾ ಕೆಲವು ಸಲ ಕಾಂಟ್ರಾಸ್ಟನ್ನು ಹಿಡಿಯುವುದೇ ಇಲ್ಲ. ಅದು ಇರುವ ರಕ್ತನಾಳಗಳನ್ನೇ ಬಳಸಿಕೊಂಡು ನರತಂತುಗಳ ನಡುವೆ ನುಸುಳುತ್ತಿರುತ್ತದೆ, ಕಾವಲು ಮುರಿದಿರುವುದಿಲ್ಲ. ಹಾಗಾಗಿ ‘ಕಾಂಟ್ರಾಸ್ಟ್ ಹಿಡಿದಿಲ್ಲ, ಸಮಾಧಾನ’ ಅನ್ನುವುದೂ ತಪ್ಪು.

ನಿಮ್ಮ ಹತ್ತಿರ ಚಿತ್ರಗಳ ಸಿಡಿ ಇದ್ದರೆ ‘ಟಿ1’ ಅಂತ ಬರೆದಿರುವ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದು ಕಾಂಟ್ರಾಸ್ಟ್ ಕೊಡುವ ಮೊದಲಿನದು, ಒಂದು ಆಮೇಲಿನದು. ಮೊದಲಿನದರಲ್ಲಿ ಮಬ್ಬಾಗಿದ್ದು ಎರಡನೆಯದರಲ್ಲಿ ಬೆಳ್ಳಗಾದದ್ದು ಸೋರಿಕೆ. ಉಂಗುರವಾಗಿ ಕಾಣುತ್ತದೆ ಅಂದರೆ ಅಂಚು ಸೋರುತ್ತಿದೆ, ನಡುವೆ ರಕ್ತವೇ ತಲುಪದ ಸತ್ತ ಭಾಗವೋ ದ್ರವವೋ ಇದೆ. ಬಾಕ್ಸರ್‌ನಂಥ ಮೂತಿ ಚಪ್ಪಟೆ ಇರುವ ತಳಿಗಳಲ್ಲಿ, ಅಂದರೆ ಬಾಸ್ಟನ್ ಟೆರಿಯರ್, ಬುಲ್‌ಡಾಗ್ ಇವುಗಳಲ್ಲಿ ಗ್ಲಿಯೋಮಾ ಜಾಸ್ತಿ. ವಯಸ್ಸೂ ಆಗಿದೆ. ಆದ್ದರಿಂದ ರಿಪೋರ್ಟ್ ಬರೆದವರು ಅದನ್ನು ಮೊದಲು ಹೆಸರಿಸಿದ್ದು ಸಹಜ. ಆದರೆ ಕೀವುಗಡ್ಡೆ, ಕೆಲವು ಉರಿಯೂತಗಳು, ಒಂದೆರಡು ವಾರ ಹಳೆಯದಾದ ರಕ್ತಸ್ರಾವ ಕೂಡ ಉಂಗುರ ಮೂಡಿಸುತ್ತವೆ.

ನಾನು ಸೂಕ್ಷ್ಮದರ್ಶಕದ ಕೆಳಗೆ ಇಂಥ ಮಿದುಳುಗಳನ್ನು ನೋಡುವವನು. ಅಲ್ಲಿ ಇವುಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಜೋರಾಗಿ ಬೆಳೆಯುವ ಗ್ಲಿಯೋಮಾದ ಅಂಚಿನಲ್ಲಿ ರಕ್ತನಾಳಗಳು ಕೊಳವೆಯ ಹಾಗೆ ನೆಟ್ಟಗೆ ಇರುವುದಿಲ್ಲ. ಒಂದರ ಮೇಲೊಂದು ಸುರುಳಿಯಾಗಿ ಮುದ್ದೆ ಕಟ್ಟಿರುತ್ತವೆ. ಒಳಪದರದ ಕೋಶಗಳು ಒಂದು ಸಾಲಿರಬೇಕಾದಲ್ಲಿ ಮೂರು ನಾಲ್ಕು ಸಾಲು ಪೇರಿಸಿಕೊಂಡಿರುತ್ತವೆ, ನಡುವಿನ ದಾರಿ ಮುಚ್ಚಿಯೇ ಹೋಗಿರುತ್ತದೆ. ಅಂದರೆ ನಾಳವೇನೋ ಬೆಳೆದಿದೆ, ರಕ್ತ ಹರಿಯುತ್ತಿಲ್ಲ! ಅಕ್ಕಪಕ್ಕದಲ್ಲೇ ಸತ್ತ ಕೋಶಗಳ ಪಟ್ಟಿ. ಅವು ಸಾಯುತ್ತಾ ಕೂಗುತ್ತವೆ, ಕೂಗಿಗೆ ಇನ್ನಷ್ಟು ನಾಳ ಚಿಗುರುತ್ತದೆ, ಅದೂ ಮುಚ್ಚಿಹೋಗುತ್ತದೆ. ‘ರಕ್ತನಾಳ ಜಾಸ್ತಿಯಾದರೆ ಒಳ್ಳೆಯದೇ ಅಲ್ವಾ’ ಅನ್ನುವ ನಿಮ್ಮ ಪ್ರಶ್ನೆಗೆ ಈ ಸ್ಲೈಡೇ ಉತ್ತರ. ನಾಯಿಗಳ ಗ್ಲಿಯೋಮಾಕ್ಕೆ 2018ರಲ್ಲಿ ಹೊಸ ವರ್ಗೀಕರಣ ಬಂತು. ಈ ಮುದ್ದೆ ಕಟ್ಟಿದ ನಾಳಗಳು ಕಂಡರೆ ಅದನ್ನು ಹೈ ಗ್ರೇಡ್, ಅಂದರೆ ಜೋರಾಗಿ ಬೆಳೆಯುವ ಕೆಟ್ಟ ಬಗೆ, ಕಡೆಗೆ ಎಣಿಸುವ ಲಕ್ಷಣಗಳಲ್ಲಿ ಒಂದಾಗಿ ಅದರಲ್ಲಿ ಇಟ್ಟುಕೊಂಡಿದ್ದಾರೆ. ಗ್ಲಿಯೋಮಾದ ಇನ್ನೊಂದು ಬಗೆ ಆಲಿಗೋಡೆಂಡ್ರೋಗ್ಲಿಯೋಮಾ. ಅದರಲ್ಲಿ ತೆಳ್ಳನೆಯ ನಾಳಗಳು ಚೌಕ ಚೌಕವಾಗಿ ಕವಲೊಡೆದು ಜಾಲರಿ ಹಾಸಿರುತ್ತವೆ. ನೋಡಲು ಚೆಂದ, ಕಾಯಿಲೆ ಅಷ್ಟೇ ಕೆಟ್ಟದ್ದು.

ಉರಿಯೂತದ ಸ್ಲೈಡ್ ಬೇರೆ ಥರ. ನಾಯಿಗಳಲ್ಲಿ ಸೋಂಕಿಲ್ಲದೆ, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ಬೀಳುವ ಕಾಯಿಲೆಗಳ ಒಂದು ಗುಂಪಿದೆ. ಬದುಕಿರುವಾಗ ಖಚಿತವಾಗಿ ಬೇರ್ಪಡಿಸಲು ಆಗದ ಕಾರಣ ಡಾಕ್ಟರುಗಳು ಎಲ್ಲಕ್ಕೂ ಸೇರಿಸಿ ‘ಎಂಯುಒ’ ಅನ್ನುತ್ತಾರೆ. ಅದರಲ್ಲಿ ಜಿಎಂಇ ಅನ್ನುವ ಬಗೆಯಲ್ಲಿ ಬಿಳಿ ರಕ್ತಕಣಗಳು ನಾಳಗಳ ಸುತ್ತ ದಪ್ಪ ಪಟ್ಟಿಯಾಗಿ ಸುತ್ತಿಕೊಂಡಿರುತ್ತವೆ. ನಾಳ ಹೊಸದಲ್ಲ, ಹಳೆಯದೇ, ಆದರೆ ಮುತ್ತಿಗೆಗೆ ಸಿಕ್ಕಿದೆ. ಪಗ್, ಮಾಲ್ಟೀಸ್, ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಬರುವ ಬಗೆಯಲ್ಲಿ ಮಿದುಳಿನ ತುಂಡುಗಳೇ ಕರಗಿ ಹೋಗುತ್ತವೆ. ಅಲ್ಲಿ ಮಾತ್ರ ಕರಗಿದ ಜಾಗದ ಅಂಚಿನಲ್ಲಿ ಹೊಸ ನಾಳಗಳೂ ಕಾಣಸಿಗುತ್ತವೆ, ಕಸ ತೆಗೆಯುವ ಕೋಶಗಳಿಗೆ ದಾರಿ ಬೇಕಲ್ಲ.

ಮೆನಿಂಜಿಯೋಮಾ ಬಗ್ಗೆ ಒಂದು ಮಾತು, ನಾಯಿಗಳ ಮಿದುಳಿನ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ ಅದು. ಅದು ಮಿದುಳಿನ ಹೊರಪೊರೆಯಿಂದ ಹುಟ್ಟುತ್ತದೆ. ಅದರ ನಾಳಗಳಿಗೆ ಮಿದುಳಿನ ಕಾವಲು ಇರುವುದೇ ಇಲ್ಲ, ಅದಕ್ಕೇ ಇಡೀ ಗಡ್ಡೆ ಒಂದೇ ಸಮ ಬೆಳ್ಳಗಾಗುತ್ತದೆ. ನಿಮ್ಮ ವರದಿಯ ಉಂಗುರ ಅದಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ರಕ್ತನಾಳ ಬೆಳೆಯುವುದು ನಿಜಕ್ಕೂ ಒಳ್ಳೆಯದಾಗುವ ಸಂದರ್ಭವೂ ಇದೆ. ನಾಯಿಗೂ ಸ್ಟ್ರೋಕ್ ಆಗುತ್ತದೆ, ಕಿರುಮಿದುಳಿನಲ್ಲಿ ಆಗುವುದು ಹೆಚ್ಚು. ಕಿಡ್ನಿ ಕಾಯಿಲೆ, ಮೈಯೇ ಸ್ಟೀರಾಯ್ಡನ್ನು ಅತಿಯಾಗಿ ತಯಾರಿಸುವ ಕುಶಿಂಗ್ ಕಾಯಿಲೆ, ರಕ್ತದೊತ್ತಡ ಹಿನ್ನೆಲೆಯಲ್ಲಿರಬಹುದು. ರಕ್ತ ನಿಂತ ಜಾಗದ ಸುತ್ತ ಕೆಲವೇ ದಿನಗಳಲ್ಲಿ ಹೊಸ ನಾಳ ಚಿಗುರಲು ಶುರುವಾಗುತ್ತದೆ. ಇದು ರಿಪೇರಿ ಕೆಲಸ. ಆದರೆ ಅದೂ ಸೋರುವ ನಾಳವೇ, ಆದ್ದರಿಂದ ಮೊದಲ ದಿನ ಕಾಂಟ್ರಾಸ್ಟ್ ಹಿಡಿಯದ ಸ್ಟ್ರೋಕ್ ಒಂದು ವಾರದ ಮೇಲೆ ಹಿಡಿಯುತ್ತದೆ, ನೋಡಿದವರು ಗಡ್ಡೆ ಅಂದುಕೊಳ್ಳುತ್ತಾರೆ. ಸ್ಟ್ರೋಕ್ ದಿಢೀರನೆ ಬಂದು ನಿಧಾನಕ್ಕೆ ಸುಧಾರಿಸುತ್ತದೆ. ನಿಮ್ಮ ನಾಯಿಯದು ಎರಡು ತಿಂಗಳಿಂದ ಏರುತ್ತಾ ಬಂದಿರುವುದು ಅದರ ವಿರುದ್ಧ ಸಾಕ್ಷಿ. ಥಯಾಮಿನ್ ಅಂದರೆ ಬಿ1 ವಿಟಮಿನ್ ಮಿದುಳಿಗೆ ತಲುಪದಿದ್ದಾಗಲೂ ನಾಳಗಳು ಉಬ್ಬಿ ಹೆಚ್ಚಾದಂತೆ ಕಾಣುತ್ತವೆ. ಅಲಾಸ್ಕನ್ ಹಸ್ಕಿಗಳಲ್ಲಿ ಥಯಾಮಿನ್ ಸಾಗಿಸುವ ಜೀನ್ ಕೆಟ್ಟು ಬರುವ ಕಾಯಿಲೆಯೇ ಇದೆ. ಅದು ಎರಡೂ ಪಕ್ಕ ಒಂದೇ ಥರ ಬರುತ್ತದೆ, ನಿಮ್ಮದು ಒಂದೇ ಪಕ್ಕ.

ತಡೆಯುವ ಔಷಧಿ ಇದೆಯಾ ಅಂತ ಕೇಳಿದ್ದೀರಿ. ಯೋಚನೆ ಹಳೆಯದು. ಗಡ್ಡೆ ಒಂದೆರಡು ಮಿಲಿಮೀಟರ್ ದಾಟಬೇಕಾದರೆ ಹೊಸ ರಕ್ತನಾಳ ಬೇಕೇ ಬೇಕು, ಅದನ್ನು ತಡೆದರೆ ಗಡ್ಡೆ ಉಪವಾಸ ಬೀಳುತ್ತದೆ ಅಂತ ಜೂಡಾ ಫೋಕ್‌ಮನ್ 1971ರಲ್ಲೇ ಬರೆದರು. ವಿಇಜಿಎಫ್ ಹಿಡಿದುಹಾಕುವ ಬೆವಾಸಿಜುಮ್ಯಾಬ್ 2004ರಲ್ಲಿ ಅಮೆರಿಕದಲ್ಲಿ ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರಿಗೆ, 2009ರಲ್ಲಿ ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಅನ್ನುವ ಉಗ್ರ ಗ್ಲಿಯೋಮಾಕ್ಕೆ ಒಪ್ಪಿಗೆ ಪಡೆಯಿತು. ಫಲ? ಎಂಆರ್‌ಐಯಲ್ಲಿ ಕೆಲವೇ ದಿನಗಳಲ್ಲಿ ಬಿಳುಪು ಮಾಯ, ಊತ ಇಳಿಯಿತು, ರೋಗಿಗಳಿಗೆ ಸ್ಟೀರಾಯ್ಡ್ ಕಡಿಮೆ ಸಾಕಾಯಿತು. ಆದರೆ ದೊಡ್ಡ ಪ್ರಯೋಗಗಳಲ್ಲಿ ಒಟ್ಟು ಬದುಕುವ ಕಾಲ ಹೆಚ್ಚಾಗಲಿಲ್ಲ. ಸೋರಿಕೆ ನಿಂತಿತ್ತು, ಗಡ್ಡೆ ನಿಂತಿರಲಿಲ್ಲ. ಗಡ್ಡೆಯ ನಡುಭಾಗಕ್ಕೆ ಹೊಸ ನಾಳ ಬೇಕು ನಿಜ, ಹೊರ ಅಂಚಿನಲ್ಲಿ ನುಸುಳುವ ಕೋಶಗಳಿಗೆ ಮಿದುಳಿನ ಹಳೆಯ ನಾಳವೇ ಸಾಕು. ಅಲ್ಲಿ ಕಾವಲೂ ಗಟ್ಟಿಯಾಗಿರುವುದರಿಂದ ಬೇರೆ ಔಷಧಿಯೂ ಸರಿಯಾಗಿ ತಲುಪುವುದಿಲ್ಲ.

ನಾಯಿಗಳಿಗೆ ಬೆವಾಸಿಜುಮ್ಯಾಬ್ ವಾಡಿಕೆಯ ಚಿಕಿತ್ಸೆ ಅಲ್ಲ. ಅದು ಮನುಷ್ಯರಿಗೆಂದು ಕಟ್ಟಿದ ಆ್ಯಂಟಿಬಾಡಿ, ನಾಯಿಯ ದೇಹ ಅದನ್ನು ಪರಕೀಯ ಅಂತ ಗುರುತಿಸಿ ಎದುರು ಬೀಳಬಹುದು. ಟೊಸೆರಾನಿಬ್ ಅನ್ನುವ ಮಾತ್ರೆ 2009ರಲ್ಲಿ ನಾಯಿಗಳಿಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ವಿಇಜಿಎಫ್‌ನ ಗ್ರಾಹಕವನ್ನೂ ಅದು ತಡೆಯುತ್ತದೆ. ಆದರೆ ಒಪ್ಪಿಗೆ ಇರುವುದು ಚರ್ಮದ ಮಾಸ್ಟ್ ಸೆಲ್ ಗಡ್ಡೆಗೆ. ಮಿದುಳಿನ ಗಡ್ಡೆಗೆ ಅದನ್ನೇ ನೆಚ್ಚಿಕೊಳ್ಳಿ ಅಂತ ನಾನು ಹೇಳಲಾರೆ. ಇನ್ನು ‘ಮಿದುಳಿಗೆ ರಕ್ತ ಸಂಚಾರ ಹೆಚ್ಚಿಸುವ’ ಪುಡಿ, ಹನಿ, ಟಾನಿಕ್‌ಗಳಿವೆಯಲ್ಲ, ಅವಕ್ಕೆ ದುಡ್ಡು ಸುರಿಯಬೇಡಿ. ನಿಮ್ಮ ನಾಯಿಗೆ ಇರುವುದು ಸಂಚಾರದ ಕೊರತೆಯಲ್ಲ.

ಹಾಗಾದರೆ ಕೆಲಸಕ್ಕೆ ಬರುವುದು ಏನು? ಸದ್ಯಕ್ಕೆ ಕೊಡುತ್ತಿರುವ ಸ್ಟೀರಾಯ್ಡೇ ದೊಡ್ಡ ಉಪಕಾರ. ಅದು ವಿಇಜಿಎಫ್ ತಯಾರಿಕೆಯನ್ನು ತಗ್ಗಿಸುತ್ತದೆ, ನಾಳದ ಕೋಶಗಳ ನಡುವಿನ ಹೊಲಿಗೆ ಬಿಗಿ ಮಾಡುತ್ತದೆ. ಬಾಯಾರಿಕೆ, ಹಸಿವು, ಪದೇ ಪದೇ ಮೂತ್ರ ಇವು ಬಂದೇ ಬರುತ್ತವೆ, ಗಾಬರಿ ಬೇಡ. ಆದರೆ ಗೆಲುವಾದ ಅಂತ ನೀವೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಬೇಕು. ಕಾಲುನೋವಿಗೆ ಅಂತ ಮೊದಲು ಕೊಡುತ್ತಿದ್ದ ನೋವಿನ ಮಾತ್ರೆ ಮನೆಯಲ್ಲಿದ್ದರೆ ಇದರ ಜೊತೆ ಕೊಡಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಫಿಟ್ಸ್‌ಗೆ ಬೇರೆ ಔಷಧಿ, ಫಿನೋಬಾರ್ಬಿಟಾಲ್ ಅಥವಾ ಲೆವೆಟಿರಾಸೆಟಾಮ್, ಶುರುವಾಗಿದೆಯಾ ಕೇಳಿ. ಸ್ಟೀರಾಯ್ಡ್ ಆ ಕೆಲಸ ಮಾಡುವುದಿಲ್ಲ. ಫಿಟ್ಸ್ ಐದು ನಿಮಿಷ ದಾಟಿದರೆ, ಅಥವಾ ಒಂದು ಮುಗಿದು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಹೊತ್ತು ನೋಡದೆ ಆಸ್ಪತ್ರೆಗೆ ಓಡಿ.

ಖಚಿತ ಉತ್ತರ ಬೇಕೆಂದರೆ ಬಯಾಪ್ಸಿಯೊಂದೇ ದಾರಿ. ಅದು ಎಲ್ಲ ಕಡೆ ಸಿಗುವುದಿಲ್ಲ, ಅಪಾಯವೂ ಇಲ್ಲದಿಲ್ಲ, ಬೇಡ ಅಂದರೆ ಅದೂ ನ್ಯಾಯವೇ. ಬೆನ್ನುಹುರಿಯ ನೀರಿನ ಪರೀಕ್ಷೆಯಲ್ಲಿ ಬಿಳಿ ಕಣಗಳು ತುಂಬಿದ್ದರೆ ಉರಿಯೂತದ ಕಡೆ ತೂಕ ಬೀಳುತ್ತದೆ. ಆದರೆ ಸ್ಟೀರಾಯ್ಡ್ ಶುರುವಾದ ಮೇಲೆ ಕಣಗಳು ಕಡಿಮೆಯಾಗಿಬಿಡುತ್ತವೆ, ತಲೆಯೊಳಗೆ ಒತ್ತಡ ಜಾಸ್ತಿ ಇದ್ದರೆ ನೀರು ತೆಗೆಯುವುದೇ ಅಪಾಯ. ಹಾಗಾಗಿ ಈಗ ಮಾಡಿಸುವುದರಲ್ಲಿ ಅರ್ಥವಿದೆಯಾ ಅಂತ ಚಿತ್ರ ನೋಡಿದ ನರರೋಗ ತಜ್ಞರನ್ನೇ ಕೇಳಿ. ಇವೆರಡೂ ಬೇಡ ಅಂದರೆ ನಾನು ಸೂಚಿಸುವುದು ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಂದು ಎಂಆರ್‌ಐ. ಸ್ಟ್ರೋಕ್ ಆಗಿದ್ದರೆ ಅಷ್ಟರಲ್ಲಿ ಕುಗ್ಗಿರುತ್ತದೆ. ಉರಿಯೂತವಾಗಿದ್ದು ಚಿಕಿತ್ಸೆ ಹತ್ತಿದ್ದರೆ ಬಿಳುಪೂ ಊತವೂ ಎರಡೂ ಇಳಿದಿರುತ್ತವೆ. ಗಡ್ಡೆಯಾಗಿದ್ದರೆ ಸ್ಟೀರಾಯ್ಡ್‌ನಿಂದ ಬಿಳುಪು ಕಡಿಮೆಯಾಗಿ ಕಂಡರೂ ಗಡ್ಡೆಯ ಗಾತ್ರ ಸಾಮಾನ್ಯವಾಗಿ ಇಳಿಯುವುದಿಲ್ಲ. ಆದ್ದರಿಂದ ‘ಬಿಳುಪು ಎಷ್ಟು’ ಅಂತ ಕೇಳಬೇಡಿ, ‘ಟಿ2 ಅನ್ನುವ ಇನ್ನೊಂದು ಬಗೆಯ ಚಿತ್ರದಲ್ಲಿ ಗಡ್ಡೆಯಂಥ ಜಾಗದ ಗಾತ್ರ ಎಷ್ಟು, ಮಿದುಳಿನ ನಡುಗೆರೆ ಇನ್ನೂ ಎಷ್ಟು ಸರಿದಿದೆ’ ಅಂತ ಕೇಳಿ.

ಗ್ಲಿಯೋಮಾ ಅಂತಲೇ ಆದರೆ ಮುಚ್ಚಿಟ್ಟು ಹೇಳುವುದಿಲ್ಲ: ಸ್ಟೀರಾಯ್ಡ್ ಮತ್ತು ಫಿಟ್ಸ್ ಔಷಧಿ ಮಾತ್ರ ಕೊಟ್ಟರೆ ಸಿಗುವುದು ಸಾಮಾನ್ಯವಾಗಿ ಕೆಲವು ವಾರದಿಂದ ಕೆಲವು ತಿಂಗಳು. ರೇಡಿಯೇಶನ್ ಮಾಡಿಸಿದರೆ ಅದಕ್ಕಿಂತ ಜಾಸ್ತಿ ಕಾಲ ಸಿಗುವ ಸಾಧ್ಯತೆ ಇದೆ, ಪ್ರತಿ ಸಲವೂ ಅರಿವಳಿಕೆ ಕೊಡಬೇಕು. ಉರಿಯೂತವಾದರೆ ದಾರಿ ಬೇರೆ, ಸ್ಟೀರಾಯ್ಡ್ ಜೊತೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸೈಟರಾಬಿನ್ ಅಥವಾ ಸೈಕ್ಲೋಸ್ಪೊರಿನ್ ಸೇರಿಸುತ್ತಾರೆ, ಕೆಲವು ನಾಯಿಗಳು ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಎರಡರ ನಡುವೆ ಇಷ್ಟು ಅಂತರ ಇರುವುದರಿಂದಲೇ ಎರಡನೇ ಎಂಆರ್‌ಐ ಖರ್ಚು ದಂಡ ಅಂತ ಬಿಡಬೇಡಿ. ಹೋಗುವಾಗ ರಿಪೋರ್ಟ್ ಮಾತ್ರ ಅಲ್ಲ, ಮೊದಲಿನ ಚಿತ್ರಗಳ ಸಿಡಿ ತೆಗೆದುಕೊಂಡು ಹೋಗಿ. ಸ್ಟೀರಾಯ್ಡ್ ಯಾವ ದಿನ ಶುರುವಾಯಿತು, ಸ್ಕ್ಯಾನ್ ದಿನ ಎಷ್ಟು ಡೋಸ್ ನಡೆಯುತ್ತಿತ್ತು ಅನ್ನುವುದನ್ನು ಅದರ ಕವರಿನ ಮೇಲೇ ಬರೆದುಬಿಡಿ.